ಸ್ಪೋರ್ಟ್ಸ್ ಬೈಕ್‌ಗೆ ಸ್ಲೈಡರ್ ಹಾಕಿಸುವ ಮುಂಚೆ ಅದರ ಬೋಲ್ಟ್ ಎಲ್ಲಿಗೆ ಹೋಗುತ್ತೆ ನೋಡಿ

ಫೇರಿಂಗ್ (ಎಂಜಿನ್ ಸುತ್ತ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ) ಇರುವ ಬೈಕ್ ತಗೊಂಡವರಿಗೆಲ್ಲ ಮೊದಲ ವಾರವೇ ಸಿಗುವ ಸಲಹೆ, "ಫ್ರೇಮ್ ಸ್ಲೈಡರ್ ಹಾಕಿಸಿಬಿಡಿ, ಬಿದ್ದರೂ ಏನೂ ಆಗಲ್ಲ." ಸ್ಲೈಡರ್ ಅಂದರೆ ಬೈಕ್ ಬಿದ್ದಾಗ ಫೇರಿಂಗ್‌ಗಿಂತ ಮೊದಲು ನೆಲ ತಾಗಲಿ ಅಂತ ಪಕ್ಕಕ್ಕೆ ಹಾಕುವ ಗಟ್ಟಿ ಗೂಟ. ನನಗೂ ಅದನ್ನೇ ಹಾಕಿಸಿ ಅಂದಿದ್ದರು, ಹಾಕಿಸಿದೆ. ಬಿದ್ದೆ. ಫೇರಿಂಗ್‌ಗೆ ನಿಜವಾಗಿಯೂ ಏನೂ ಆಗಲಿಲ್ಲ, ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಅನ್ನು ಫ್ರೇಮ್‌ಗೆ ಹಿಡಿದಿಡುವ ಜಾಗ, ಸೀಳಿತು.

ನಂದಿ ಬೆಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಡೀಸೆಲ್ ಚೆಲ್ಲಿತ್ತು. ಮುಂದಿನ ಚಕ್ರ ಜಾರಿ ಬೈಕ್ ಎಡಕ್ಕೆ ಮಲಗಿತು. ಹೇಳಿಕೊಳ್ಳುವಂಥ ವೇಗವೇನೂ ಇರಲಿಲ್ಲ, ನನಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನಿಲ್ಲ. ಬೈಕ್ ಮಾತ್ರ ಜಾರಿಕೊಂಡು ಹೋಗಿ, ಸ್ಲೈಡರ್ ತುದಿ ರಸ್ತೆ ಅಂಚಿನ ಕಾಂಕ್ರೀಟ್‌ಗೆ ಸಿಕ್ಕಿ, ಗಕ್ಕನೆ ಒಂದು ಸುತ್ತು ತಿರುಗಿ ನಿಂತಿತು. ಎತ್ತಿ ನಿಲ್ಲಿಸಿದಾಗ ಜೊತೆಗಿದ್ದವರೆಲ್ಲ "ನೋಡು, ಸ್ಲೈಡರ್ ಉಳಿಸಿತು" ಅಂದರು. ದೇವನಹಳ್ಳಿ ದಾಟುವಷ್ಟರಲ್ಲಿ ಫುಟ್‌ಪೆಗ್‌ನಲ್ಲಿ ಅದುವರೆಗೆ ಇಲ್ಲದ ನಡುಕ ಶುರುವಾಗಿತ್ತು. ಫೇರಿಂಗ್ ಬಿಚ್ಚಿಸಿ ನೋಡಿದರೆ ಸ್ಲೈಡರ್‌ನ ಉದ್ದ ಬೋಲ್ಟ್ ಬಾಗಿದೆ, ಅದು ಹಾದುಹೋಗುವ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಅಲ್ಯೂಮಿನಿಯಂ ಹೊರಕವಚ) ಕಿವಿಯಲ್ಲಿ ಬಿರುಕು.

ಯಾಕೆ ಹೀಗಾಯ್ತು ಅಂದರೆ, ಈ ಸ್ಲೈಡರ್ ಕಿಟ್‌ನಲ್ಲಿ ಬೈಕ್ ಕಂಪನಿ ಕೊಟ್ಟ ಎಂಜಿನ್ ಬೋಲ್ಟ್ ತೆಗೆದು ಅದರ ಜಾಗಕ್ಕೆ ಉದ್ದದ ಬೋಲ್ಟ್ ಹಾಕುತ್ತಾರೆ. ಫೇರಿಂಗ್ ಕೊಯ್ಯಬೇಕಿಲ್ಲ ಅಂತ ಹೇಳಿ ಮಾರುವ ಕಿಟ್ ಆದರೆ ನಡುವೆ ಒಂದು ಬ್ರಾಕೆಟ್ ಬೇರೆ ಬರುತ್ತೆ, ಅಂದರೆ ಸ್ಲೈಡರ್ ಬೋಲ್ಟ್‌ನ ನೇರಕ್ಕೆ ಇರಲ್ಲ, ಪಕ್ಕಕ್ಕೆ ಸರಿದಿರುತ್ತೆ. ನೆಲ ತಾಗಿದ ಪೆಟ್ಟೆಲ್ಲ ಹಾರೆ ಹಾಕಿ ಕಲ್ಲು ಎಬ್ಬಿಸಿದ ಹಾಗೆ ಮೌಂಟಿಂಗ್ ಮೇಲೆ ಬೀಳುತ್ತೆ. ಉಕ್ಕಿನ ಬೋಲ್ಟ್ ಬಾಗಬಹುದು, ಆದರೆ ಎರಕದ ಅಲ್ಯೂಮಿನಿಯಂ ಅಷ್ಟಾಗಿ ಬಾಗಲ್ಲ, ಬಿರುಕು ಬಿಡುತ್ತೆ. ಇನ್ನೊಂದು ವಿಷಯ, ತೆಗೆದ ಬೋಲ್ಟ್ ತಲೆ ಮೇಲೆ 10.9 ಅಂತ ಅಚ್ಚಿತ್ತು. ಅಂದರೆ ಸುಮಾರು 1000 ಮೆಗಾಪಾಸ್ಕಲ್ ಎಳೆತ ತಡೆಯುವ ಉಕ್ಕು, 8.8 ಆದರೆ 800. ಹಾಕಿದ ಬೋಲ್ಟ್ ಮೇಲೆ ಒಂದು ಅಂಕಿಯೂ ಇರಲಿಲ್ಲ! ಅಂಗಡಿಯವರನ್ನು ಕೇಳಿದರೆ "ಎಲ್ಲರೂ ಇದೇ ಹಾಕಿಸ್ತಾರೆ ಸಾರ್" ಅನ್ನೋದೇ ಉತ್ತರ.

ಇಲ್ಲಿಂದ ಮುಂದಿನದು ಇನ್ನೂ ತಲೆನೋವು. ಎಂಜಿನ್ ನಂಬರ್ ಇರೋದೇ ಕ್ರ್ಯಾಂಕ್‌ಕೇಸ್ ಮೇಲೆ, ಹಾಗಾಗಿ ಅದನ್ನು ಬದಲಿಸಿದರೆ ಆರ್‌ಟಿಒಗೆ ಓಡಾಡಿ ಆರ್‌ಸಿ ತಿದ್ದಿಸಬೇಕು. ಆರ್ಗಾನ್ ವೆಲ್ಡಿಂಗ್ ಮಾಡಿಸಿದರೆ ಎಷ್ಟು ದಿನ ಬಾಳುತ್ತೋ ಅನ್ನೋ ಅನುಮಾನ. ಇನ್ಶೂರೆನ್ಸ್ ಸರ್ವೇಯರ್ ಬಂದವರು ಮೊದಲು ಕೈ ತೋರಿಸಿದ್ದೇ ಕಂಪನಿಯದ್ದಲ್ಲದ ಆ ಬೋಲ್ಟ್ ಕಡೆಗೆ.

ಲೆಕ್ಕ ಹಾಕಿ ನೋಡಿ. ಸ್ಲೈಡರ್ ಉಳಿಸಿದ್ದು ಪ್ಲಾಸ್ಟಿಕ್ ಫೇರಿಂಗ್. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ 50% ಸವಕಳಿ ಕಳೆಯುತ್ತಾರೆ, ಸವಕಳಿ ಕಳೆಯದ ಝೀರೋ ಡೆಪ್ ಪಾಲಿಸಿ ಇದ್ದರೆ ಅದೂ ಇಲ್ಲ. ಅಂದರೆ ಸುಲಭವಾಗಿ ಬದಲಾಯಿಸಬಹುದಾದ ಭಾಗ ಉಳಿಸೋಕೆ ಹೋಗಿ ಅಷ್ಟು ಸುಲಭವಾಗಿ ಬದಲಾಯಿಸೋಕೆ ಆಗದ ಭಾಗ ಕಳೆದುಕೊಂಡ ಹಾಗಾಯಿತು, ಅಲ್ವಾ?

ಸ್ಲೈಡರ್ ಪೂರ್ತಿ ದಂಡ ಅಂತಲ್ಲ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ನಿಂತ ಬೈಕ್ ಪಕ್ಕಕ್ಕೆ ಉರುಳಿದರೆ ಅದು ಖಂಡಿತ ಕೆಲಸಕ್ಕೆ ಬರುತ್ತೆ. ಹಾಕಿಸಲೇಬೇಕು ಅಂದರೆ ಗಿಡ್ಡದು, ಬೋಲ್ಟ್‌ನ ನೇರಕ್ಕೇ ಕೂರುವಂಥದ್ದು ಹುಡುಕಿ. ಎಂಜಿನ್ ಬೋಲ್ಟ್ ಮುಟ್ಟದೆ ಬೇರೆ ಸಣ್ಣ ಬೋಲ್ಟ್‌ನಲ್ಲಿ ಹಿಡಿದು, ಜೋರು ಪೆಟ್ಟಿಗೆ ತಾನೇ ಮುರಿಯುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕೂರಿಸುವಾಗ ಎಂಜಿನ್ ಕೆಳಗೆ ಜ್ಯಾಕ್ ಕೊಟ್ಟಿದ್ದಾರಾ, ಬೋಲ್ಟ್ ಅನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚ್ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಂದ ಹೊರಡಿ. ಉಕ್ಕಿನ ಲೆಗ್ ಗಾರ್ಡ್ ಅಂತೂ ಫೇರಿಂಗ್ ಬೈಕ್‌ಗೆ ಬೇಡವೇ ಬೇಡ, ಒಳಗೆ ಬಾಗಿ ರೇಡಿಯೇಟರ್‌ಗೆ ಚುಚ್ಚಿದರೆ ಅಲ್ಲಿಗೆ ಮುಗೀತು.

ನಾನೀಗ ದುಡ್ಡು ಹಾಕಿರುವುದು ಎಂಜಿನ್ ಕೇಸ್ ಕವರ್, ಹ್ಯಾಂಡಲ್ ತುದಿಯ ಬಾರ್ ಎಂಡ್, ಲಿವರ್ ಗಾರ್ಡ್ ಇಷ್ಟಕ್ಕೇ. ವರ್ಲ್ಡ್ ಸೂಪರ್‌ಬೈಕ್ ರೇಸ್‌ನಲ್ಲೂ ಆಯಿಲ್ ಇರುವ ಎಂಜಿನ್ ಕವರ್ ಮೇಲೆ ಇನ್ನೊಂದು ಕವರ್, ಜೊತೆಗೆ ಬ್ರೇಕ್ ಲಿವರ್ ಗಾರ್ಡ್ ಕಡ್ಡಾಯ.

ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋಗುವವರಿಗೆ ಇನ್ನೊಂದು ಮಾತು. ಫೇರಿಂಗ್ ಫಳಫಳ ಅಂತಿದ್ದು ಸ್ಲೈಡರ್ ಮಾತ್ರ ಉಜ್ಜಿದ್ದರೆ, ಆ ಬದಿ ಫೇರಿಂಗ್ ಬಿಚ್ಚಿ ಟಾರ್ಚ್ ಹಾಕಿ ಮೌಂಟಿಂಗ್ ನೋಡಿ. ಬಿಚ್ಚೋಕೆ ಮಾಲೀಕ ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ.