ಫೇಸ್‌ಬುಕ್‌ನ ‘ಮ್ಯಾನೇಜ್ ಆ್ಯಕ್ಟಿವಿಟಿ’: ಹಳೇ ಪೋಸ್ಟ್‌ಗೆ ಸೈ, ಕಮೆಂಟ್‌ಗೆ ಸಾಲದು

ನಾನು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್. ತಮ್ಮ ಕೊನೇ ವರ್ಷದ ಇಂಜಿನಿಯರಿಂಗ್‌ನಲ್ಲಿದ್ದಾನೆ, ಇನ್ನೇನು ಪ್ಲೇಸ್‌ಮೆಂಟ್ ಶುರು. ಅವನು ಈಗ ಇರುವುದೆಲ್ಲ ಇನ್‌ಸ್ಟಾಗ್ರಾಂನಲ್ಲೇ. ಫೇಸ್‌ಬುಕ್ ಖಾತೆ ಮಾತ್ರ ಹೈಸ್ಕೂಲ್ ಕಾಲದ ಸಾಮಾನು ತುಂಬಿದ ಅಟ್ಟದ ಹಾಗೆ ಬಿದ್ದಿತ್ತು. ಕಳೆದ ಭಾನುವಾರ ಇಬ್ಬರೂ ಕೂತು ಅದನ್ನು ತೆರವು ಮಾಡಿದೆವು.

ಅದಕ್ಕೆ ಬಳಸಿದ ‘ಮ್ಯಾನೇಜ್ ಆ್ಯಕ್ಟಿವಿಟಿ’ ಸೌಲಭ್ಯ ಬಂದಿದ್ದು 2020ರ ಜೂನ್‌ನಲ್ಲಿ. ಪ್ರೊಫೈಲ್‌ನ ಮೂರು ಚುಕ್ಕಿ ಒತ್ತಿ ಆ್ಯಕ್ಟಿವಿಟಿ ಲಾಗ್‌ಗೆ (ಫೇಸ್‌ಬುಕ್‌ನಲ್ಲಿ ನಾವು ಮಾಡಿದ್ದರ ಪಟ್ಟಿ) ಹೋದರೆ ಸಿಗುತ್ತದೆ. ಹಳೇ ಪೋಸ್ಟ್‌ಗಳನ್ನು ತಾರೀಖಿನ ಪ್ರಕಾರ ಸೋಸಿ, ಒಟ್ಟಿಗೆ ಟಿಕ್ ಹಾಕಬಹುದು. ಆಮೇಲೆ ಎರಡು ದಾರಿ. ಆರ್ಕೈವ್ ಮಾಡಿದರೆ ನಮಗೆ ಮಾತ್ರ ಕಾಣುತ್ತದೆ. ಟ್ರ್ಯಾಶ್‌ಗೆ ಹಾಕಿದರೆ 30 ದಿನ ಅಲ್ಲೇ ಇದ್ದು ಆಮೇಲೆ ಪೂರ್ತಿ ಹೋಗುತ್ತದೆ. ಅಷ್ಟರಲ್ಲಿ ಮನಸ್ಸು ಬದಲಾದರೆ ವಾಪಸ್ ತರಬಹುದು. ನನಗೆ ತುಂಬ ಹಿಡಿಸಿದ್ದು ಆರ್ಕೈವ್. ಅಜ್ಜಿ ಜೊತೆಗಿನ ಫೋಟೊ ಊರಿಗೆಲ್ಲ ಕಾಣಬೇಕಿಲ್ಲ, ಹಾಗಂತ ಅಳಿಸಲೂ ಮನಸ್ಸು ಬರಲ್ಲ ಅಲ್ವಾ?

ವರ್ಷ ವರ್ಷವೂ ಹಾಕಿದ ‘ಈ ಸಲ ಕಪ್ ನಮ್ದೇ’ ಪೋಸ್ಟ್‌ಗಳನ್ನು ಮಾತ್ರ ತಮ್ಮ ಮುಟ್ಟಲು ಬಿಡಲಿಲ್ಲ. “2025ರಲ್ಲಿ ಗೆದ್ದಾಯ್ತಲ್ಲ, ಇನ್ಯಾಕೆ ಅಳಿಸ್ಬೇಕು” ಅಂದ. ಇರಲಿ ಬಿಡು ಅಂದೆ. ಅದನ್ನು ನೋಡಿ ಕೆಲಸ ಇಲ್ಲ ಅನ್ನುವ ಕಂಪನಿಗೆ ಅವನು ಹೋಗದಿದ್ದರೇ ವಾಸಿ.

ಒಂದೊಂದೇ ನೋಡುವ ತಾಳ್ಮೆ ಇಲ್ಲದವರಿಗೆ ಸೆಟ್ಟಿಂಗ್ಸ್‌ನಲ್ಲಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಇದೆ. ಒಂದೇ ಸಲಕ್ಕೆ ಹಳೇ ಪಬ್ಲಿಕ್ ಪೋಸ್ಟ್‌ಗಳೆಲ್ಲ ಗೆಳೆಯರಿಗೆ ಮಾತ್ರ ಅಂತಾಗುತ್ತವೆ. ಆದರೆ ಒತ್ತುವ ಮುಂಚೆ ಯೋಚಿಸಿ. ಮತ್ತೆ ಪಬ್ಲಿಕ್ ಮಾಡಬೇಕಾದರೆ ಒಂದೊಂದನ್ನೇ ಹುಡುಕಿ ಬದಲಿಸಬೇಕು.

ಇಷ್ಟರವರೆಗೆ ಚೆನ್ನಾಗಿದೆ. ಆದರೆ ನೇಮಕ ಮಾಡುವವರು ನೋಡುವುದು ಏನು? ಗೋವಾದಲ್ಲಿ ಬಿಯರ್ ಹಿಡಿದ ಫೋಟೊ ಬಗ್ಗೆ ಹುಡುಗರು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನಂತೂ ಅದಕ್ಕಾಗಿ ಯಾರನ್ನೂ ಬೇಡ ಅಂದಿಲ್ಲ. ಕೆಡಿಸುವುದು ಕಮೆಂಟ್. ಒಬ್ಬ ಅಭ್ಯರ್ಥಿಯ ಲಿಂಕ್ಡ್‌ಇನ್ ನೋಡಿದರೆ ಬಂಗಾರದಂಥ ಹುಡುಗ, ಸಂದರ್ಶನವೂ ಚೆನ್ನಾಗಿ ಕೊಟ್ಟಿದ್ದ. ನಮ್ಮ ಮ್ಯಾನೇಜರ್ ಅವನನ್ನು ಫೇಸ್‌ಬುಕ್‌ನಲ್ಲಿ ಹುಡುಕಿದರೆ, ಒಂದು ಸಿನಿಮಾ ಟ್ರೇಲರ್ ಕೆಳಗೆ ಇನ್ನೊಬ್ಬ ಸ್ಟಾರ್‌ನ ಅಭಿಮಾನಿಗೆ ತಾಯಿ ಎತ್ತಿ ಬೈದಿದ್ದಾನೆ. ಕೆಳಗೆ ಅವನದೇ ಹೆಸರು, ಟೈ ಕಟ್ಟಿದ ಅವನದೇ ಫೋಟೊ. ಫೈಲ್ ಅಲ್ಲಿಗೇ ನಿಂತಿತು. ತಮಾಷೆ ಅಂದರೆ, ಅವನ ಪ್ರೊಫೈಲ್ ಲಾಕ್ ಆಗಿತ್ತು!

ಲಾಕ್ ಕಾಯುವುದು ನಮ್ಮ ಗೋಡೆಯನ್ನು ಮಾತ್ರ. ಪಬ್ಲಿಕ್ ಪೇಜ್‌ನಲ್ಲಿ ಹಾಕಿದ ಕಮೆಂಟ್ ಯಾರು ನೋಡಬಹುದು ಅನ್ನುವುದು ಆ ಪೋಸ್ಟ್ ಹಾಕಿದವರ ಕೈಲಿದೆ. ಲಿಮಿಟ್ ಪಾಸ್ಟ್ ಪೋಸ್ಟ್ಸ್ ಕೂಡ ಅದನ್ನು ಮುಟ್ಟುವುದಿಲ್ಲ. ಕಮೆಂಟ್‌ಗೆ ಆರ್ಕೈವ್ ಅನ್ನುವುದೂ ಇಲ್ಲ, ಅಳಿಸುವುದೊಂದೇ ದಾರಿ. ಅದೇ ಆ್ಯಕ್ಟಿವಿಟಿ ಲಾಗ್‌ನಲ್ಲಿ ‘ಕಮೆಂಟ್ಸ್ ಆ್ಯಂಡ್ ರಿಯಾಕ್ಷನ್ಸ್’ ತೆರೆದು ಸಾಲಾಗಿ ಓದಬೇಕು. ಭಾನುವಾರ ಜಾಸ್ತಿ ಹೊತ್ತು ಹಿಡಿದಿದ್ದು ಇದೇ. ತಮ್ಮನಿಗೆ ತನ್ನ ಬೈಗುಳ ಅಕ್ಕನ ಮುಂದೆ ಓದಬೇಕಾಯಿತಲ್ಲ, ನನ್ನನ್ನು ಟೀ ಮಾಡಲು ಕಳಿಸಿಬಿಟ್ಟ.

ಬೇರೆಯವರು ಟ್ಯಾಗ್ ಮಾಡಿದ ಫೋಟೊಗಳದ್ದೂ ಇದೇ ಕತೆ. ಟ್ಯಾಗ್ ತೆಗೆದರೂ ಫೋಟೊ ಅವರ ಖಾತೆಯಲ್ಲೇ ಉಳಿಯುತ್ತದೆ. ಫೋನ್ ಮಾಡಿ ಕೇಳಿಕೊಳ್ಳಬೇಕು, ಅಷ್ಟೇ.

ಅಮೆರಿಕದ ಕೆಲಸದ ವೀಸಾ ಎಚ್‌-1ಬಿಗೆ ಕಾಯುತ್ತಿರುವವರ ಲೆಕ್ಕ ಬೇರೆ. ವೀಸಾ ಅರ್ಜಿಯಲ್ಲಿ ಹಿಂದಿನ 5 ವರ್ಷ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳುವುದು 2019ರಿಂದಲೂ ಇದೆ. 2025ರ ಡಿಸೆಂಬರ್ 15ರಿಂದ ಆ ಖಾತೆಗಳನ್ನು ಪಬ್ಲಿಕ್ ಮಾಡಿಡಿ ಅಂತಲೂ ಹೇಳಿದ್ದಾರೆ. ಅವರಿಗೆ ಲಾಕ್ ಉಪಯೋಗಕ್ಕೆ ಬರಲ್ಲ.

ಪೋಸ್ಟ್‌ಗೆ ಐದಕ್ಕೆ ನಾಲ್ಕೂವರೆ, ಕಮೆಂಟ್‌ಗೆ ಎರಡು. ಕಂಪ್ಯೂಟರ್‌ನಲ್ಲಿ ಮಾಡಿ, ಫೋನಿನ ಸಣ್ಣ ಪರದೆಯಲ್ಲಿ ಟಿಕ್ ಹಾಕಿ ಹಾಕಿ ಕಣ್ಣು ನೋಯುತ್ತದೆ.