ಜೆರಾಕ್ಸ್ ಯಂತ್ರದ ರಿಪೇರಿಗೆ ಆನ್‌ಲೈನ್ ನೆರವು: ವಿಡಿಯೊ, ಮ್ಯಾನ್ಯುಯಲ್, ವಾಟ್ಸ್‌ಆ್ಯಪ್ ಗುಂಪು

ಫ್ಯೂಸರ್ (ಟೋನರ್ ಪುಡಿಯನ್ನು ಬಿಸಿಮಾಡಿ ಕಾಗದಕ್ಕೆ ಅಂಟಿಸುವ ಭಾಗ) ಬಿಚ್ಚುವಾಗ ಯಾವ ಸ್ಕ್ರೂ ಮೊದಲು, ಯಾವ ಕನೆಕ್ಟರ್ ನಂತರ ಎಂಬುದನ್ನು ಕಣ್ಣಾರೆ ಕಲಿಯಲು ಯೂಟ್ಯೂಬ್ ವಿಡಿಯೊಗಿಂತ ಸುಲಭ ದಾರಿಯಿಲ್ಲ. ಆದರೆ ದೋಷದ ಮೂಲ ಹುಡುಕಲು ಅದು ಸಾಲದು.

ರಿಕೋ ಯಂತ್ರಗಳ ಎಸ್‌ಸಿ542 ಎಂಬ ದೋಷದ ಕೋಡನ್ನೇ ನೋಡಿ. ಫ್ಯೂಸರ್ ನಿಗದಿತ ಅವಧಿಯಲ್ಲಿ ಬೇಕಾದಷ್ಟು ಬಿಸಿಯಾಗಲಿಲ್ಲ ಎಂದು ಅದರ ಅರ್ಥ. ಹೀಟರ್ ಸುಟ್ಟಿರಬಹುದು, ಥರ್ಮೋಸ್ಟಾಟ್ ತೆರೆದುಕೊಂಡು ವಿದ್ಯುತ್ ಕಡಿದಿರಬಹುದು, ಶಾಖ ಅಳೆಯುವ ಥರ್ಮಿಸ್ಟರ್ ಮೇಲೆ ಟೋನರ್ ಮೆತ್ತಿರಲೂಬಹುದು. ಇವುಗಳನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು, ಭಾಗ ಬದಲಿಸಿದ ಬಳಿಕ ಎಸ್‌ಪಿ ಮೋಡ್‌ಗೆ (ತಂತ್ರಜ್ಞರು ಬಳಸುವ ಸೆಟ್ಟಿಂಗ್ ಮೆನು) ಹೋಗಿ ಕೋಡನ್ನು ಹೇಗೆ ಅಳಿಸಬೇಕು ಎಂಬುದು ಆಯಾ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ವಿವರವಾಗಿರುತ್ತದೆ. ಇಂಗ್ಲಿಷ್‌ನಲ್ಲಿರುವ ನೂರಾರು ಪುಟಗಳ ಪಿಡಿಎಫ್ ಎಂದು ಹಿಂಜರಿಯಬೇಕಿಲ್ಲ. ಕೋಡ್‌ಗಳ ಪಟ್ಟಿ ಮತ್ತು ವೈರಿಂಗ್ ನಕ್ಷೆ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಒಂದನ್ನೇ ಆರಿಸಬೇಕೆಂದರೆ ನನ್ನ ಆಯ್ಕೆ ಮ್ಯಾನ್ಯುಯಲ್ಲೇ.

ತಂತ್ರಜ್ಞರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಉತ್ತರ ಬೇಗ ಸಿಗುತ್ತದೆ, ಬಿಡಿಭಾಗ ಎಲ್ಲಿದೆ ಎಂದೂ ತಿಳಿಯುತ್ತದೆ. ಕೇಳುವಾಗ ಮಾಡೆಲ್ ಸಂಖ್ಯೆ, ಕೋಡ್, ಈಗಾಗಲೇ ಪರೀಕ್ಷಿಸಿದ ಭಾಗಗಳನ್ನು ಬರೆಯಿರಿ. ಥರ್ಮೋಸ್ಟಾಟನ್ನು ಬಿಟ್ಟು ಅದರ ತಂತಿಗಳನ್ನು ನೇರವಾಗಿ ಜೋಡಿಸಿ ಯಂತ್ರ ನಡೆಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಲೇಬೇಡಿ, ಏಕೆಂದರೆ ಫ್ಯೂಸರ್ ಮಿತಿಮೀರಿ ಕಾದಾಗ ವಿದ್ಯುತ್ ಕಡಿದು ಬೆಂಕಿ ತಡೆಯುವ ಭಾಗವೇ ಅದು.