ಮೂರು ಕಂಪ್ಯೂಟರ್, ಒಂದು ರೀಪರ್: ಮನೆ ಸ್ಟುಡಿಯೋದಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿದೆ. ಹಂಚಿನ ಮಾಡು, ಸುತ್ತ ಅಡಿಕೆ ತೋಟ. ನಾನು ರೆಕಾರ್ಡ್ ಮಾಡುವುದು ಹೆಚ್ಚಾಗಿ ಅಮ್ಮ ಮತ್ತು ಅವರ ಓರಗೆಯ ಹೆಂಗಸರು ಹೇಳುವ ಸಂಪ್ರದಾಯದ ಹಾಡುಗಳನ್ನು. ಜೊತೆಗೆ ಆಗಾಗ ಭಜನೆ, ಭಾವಗೀತೆ, ಹಾರ್ಮೋನಿಯಂ ಮತ್ತು ತಬಲಾ. ರೀಪರ್ ಅಂದರೆ ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್, ಎಡಿಟ್, ಮಿಕ್ಸ್ ಮಾಡುವ ಸಾಫ್ಟ್‌ವೇರ್. 2021ರಲ್ಲಿ ಅದರ ಲೈಸೆನ್ಸ್ ತೆಗೆದುಕೊಂಡೆ, ಅಲ್ಲಿಂದ ಈವರೆಗೆ ಬೇರೆ ಸಾಫ್ಟ್‌ವೇರ್ ಹುಡುಕಿಲ್ಲ. ಕೆಲವರು ಕೇಳುತ್ತಾ ಇರುತ್ತಾರೆ, ಮೂರು ಕಂಪ್ಯೂಟರ್ ಇಟ್ಟುಕೊಂಡು ಹೇಗೆ ನಿಭಾಯಿಸುತ್ತೀರಿ ಅಂತ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೂರನ್ನೂ ಒಟ್ಟಿಗೆ ಕೊಂಡದ್ದಲ್ಲ. 2016ರ ಒಂದು ಐ5 ಡೆಸ್ಕ್‌ಟಾಪ್ ಮೊದಲಿಂದ ಇತ್ತು. ಆಮೇಲೆ ಎಂ1 ಚಿಪ್‌ನ ಮ್ಯಾಕ್ ಮಿನಿ ಬಂತು. ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಕೊನೆಯದು. ಬಾಕಿ ಎಷ್ಟೋ ಸಾಫ್ಟ್‌ವೇರ್ ಮ್ಯಾಕ್‌ಗೆ ಮಾತ್ರ, ಇಲ್ಲವೇ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ ಇರುತ್ತವೆ. ರೀಪರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮುಖ್ಯವಾಗಿ, ಒಂದೇ ಲೈಸೆನ್ಸ್ ಅನ್ನು ಎಷ್ಟು ಕಂಪ್ಯೂಟರ್‌ಗಾದರೂ ಹಾಕಿಕೊಳ್ಳಬಹುದು, ಒಂದು ಸಲಕ್ಕೆ ಒಂದರಲ್ಲಿ ಮಾತ್ರ ಬಳಸಬೇಕು ಅಷ್ಟೇ. ಒಬ್ಬನೇ ಕೆಲಸ ಮಾಡುವವನಿಗೆ ಇದಕ್ಕಿಂತ ಒಳ್ಳೆ ನಿಯಮ ಬೇಕಾ?

ನನ್ನ ಕ್ರಮ ಹೀಗಿದೆ. ರೆಕಾರ್ಡಿಂಗ್ ಲ್ಯಾಪ್‌ಟಾಪಿನಲ್ಲಿ, ಮಿಕ್ಸಿಂಗ್ ಮ್ಯಾಕ್‌ನಲ್ಲಿ, ಹಳೇ ಡೆಸ್ಕ್‌ಟಾಪ್ ಬ್ಯಾಕಪ್‌ಗೆ ಮತ್ತು ಹಾಡು ಕತ್ತರಿಸಿ ಜೋಡಿಸುವ ಕೆಲಸಕ್ಕೆ.

ಮ್ಯಾಕ್ ಮಿನಿ ಸದ್ದೇ ಮಾಡುವುದಿಲ್ಲ, ಹಾಗಿದ್ದರೆ ಅದರಲ್ಲೇ ರೆಕಾರ್ಡ್ ಮಾಡಬಹುದಲ್ವಾ ಅಂತ ಅನ್ನಿಸಬಹುದು. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಆದರೆ ಇಲ್ಲಿ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಎಪ್ಪತ್ತು ದಾಟಿದ ಒಬ್ಬರು ಹನ್ನೆರಡು ನಿಮಿಷದ ಹಾಡನ್ನು ಒಂದೇ ಉಸಿರಿನಲ್ಲಿ ಅನ್ನುವ ಹಾಗೆ ಹೇಳಿ ಮುಗಿಸುವ ಹೊತ್ತಿಗೆ ಎಲ್ಲ ಕತ್ತಲಾದರೆ, ಮತ್ತೊಮ್ಮೆ ಹೇಳಿ ಅಂತ ಯಾವ ಬಾಯಲ್ಲಿ ಕೇಳುವುದು? ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತದೆ, ಎರಡು ಮೈಕಿನ ಸಣ್ಣ ಆಡಿಯೋ ಇಂಟರ್ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕೂಡ ಅದರ ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುತ್ತದೆ, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಕೂಡ ಅಲ್ಲಿಂದಲೇ. ಚಾರ್ಜರ್ ಕಿತ್ತಿಟ್ಟು ರೆಕಾರ್ಡ್ ಮಾಡಿದರೆ ಇನ್ನೊಂದು ಲಾಭ, ಹಿನ್ನೆಲೆಯಲ್ಲಿ ಬರುತ್ತಿದ್ದ ಗುಂಯ್ ಅನ್ನುವ ಸದ್ದು ಮಾಯವಾಯಿತು.

ಲ್ಯಾಪ್‌ಟಾಪ್ ಫ್ಯಾನಿನ ಸದ್ದು ಒಂದು ತಲೆನೋವಾಗಿತ್ತು. ಅದನ್ನು ಪಕ್ಕದ ಕೋಣೆಗೆ ಹಾಕಿದೆ. ಯುಎಸ್‌ಬಿ ಕೇಬಲ್ ಉದ್ದ ಮಾಡಲಿಕ್ಕೆ ಹೋಗಬೇಡಿ, ಐದು ಮೀಟರ್ ದಾಟಿದರೆ ತೊಂದರೆ ಶುರುವಾಗುತ್ತದೆ. ಮೈಕಿನ ಎಕ್ಸ್‌ಎಲ್‌ಆರ್ ಕೇಬಲ್ ಹತ್ತು ಮೀಟರ್ ಇದ್ದರೂ ಚಿಂತೆಯಿಲ್ಲ. ಹಾಗಾಗಿ ಇಂಟರ್ಫೇಸ್ ಲ್ಯಾಪ್‌ಟಾಪ್ ಪಕ್ಕದಲ್ಲೇ ಇದೆ, ಮೈಕಿನ ಕೇಬಲ್ ಮಾತ್ರ ಬಾಗಿಲ ಅಡಿಯಿಂದ ಬರುತ್ತದೆ. ಹಾಡುವ ಕೋಣೆಯಲ್ಲಿ ಗೋಡೆಗೆ ಕಂಬಳಿ, ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ. ಅಷ್ಟೇ ನನ್ನ ಸ್ಟುಡಿಯೋ.

ಹಾಗಾದರೆ ರೆಕಾರ್ಡ್ ಬಟನ್ ಒತ್ತುವುದು ಯಾರು? ರೀಪರ್ ಪ್ರಿಫರೆನ್ಸಸ್‌ನಲ್ಲಿ ಕಂಟ್ರೋಲ್ ಅನ್ನುವ ಕಡೆ ಹೋಗಿ ವೆಬ್ ಬ್ರೌಸರ್ ಇಂಟರ್ಫೇಸ್ ಸೇರಿಸಿದರೆ, ಮನೆಯ ವೈಫೈನಲ್ಲಿರುವ ಫೋನಿನ ಬ್ರೌಸರ್‌ನಲ್ಲೇ ರೆಕಾರ್ಡ್, ಸ್ಟಾಪ್ ಎಲ್ಲ ಬರುತ್ತದೆ. ಬೇರೆ ಆ್ಯಪ್ ಬೇಡ. ನಾನು ಅಮ್ಮನ ಎದುರೇ ಚಾಪೆ ಮೇಲೆ ಕೂತಿರುತ್ತೇನೆ, ಕೈಯಲ್ಲಿ ಫೋನ್ ಮಾತ್ರ. ಎದುರಿಗೆ ಕಂಪ್ಯೂಟರ್ ಇಲ್ಲದಿದ್ದರೆ ಇವರೆಲ್ಲ ಎಷ್ಟು ಸಲೀಸಾಗಿ ಹಾಡುತ್ತಾರೆ ಅಂದರೆ, ನಡುವೆ ಒಬ್ಬರಿಗೊಬ್ಬರು ಸಾಲು ನೆನಪು ಮಾಡಿಕೊಡುವುದೂ ಹಾಗೆ ಹಾಗೇ ದಾಖಲಾಗುತ್ತದೆ. ಅದನ್ನು ನಾನು ಅಳಿಸುವುದಿಲ್ಲ.

ಇನ್ನು ಪ್ರಾಜೆಕ್ಟ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹೋಗುವ ವಿಷಯ. ರೀಪರ್‌ನ ಪ್ರಾಜೆಕ್ಟ್ ಉಳಿಯುವ ಆರ್‌ಪಿಪಿ ಫೈಲ್ ಅಂದರೆ ಸುಮ್ನೆ ಪಠ್ಯದ ಫೈಲ್, ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದು. ಆಡಿಯೋ ಎಲ್ಲ ಅದೇ ಫೋಲ್ಡರಿನಲ್ಲಿದ್ದರೆ ಫೋಲ್ಡರ್ ಎಲ್ಲಿಗೆ ಹೋದರೂ ಹಾಡು ತೆರೆಯುತ್ತದೆ. ಸೇವ್ ಆ್ಯಸ್ ಮಾಡುವಾಗ ಮೀಡಿಯಾ ಎಲ್ಲ ಫೋಲ್ಡರಿಗೆ ನಕಲು ಮಾಡು ಅನ್ನುವ ಆಯ್ಕೆ ಇದೆ, ಅದನ್ನು ಮರೆಯಬೇಡಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿಗೆ ನಿಮಿಷಕ್ಕೆ 8.6 ಎಂಬಿ ಆಗುತ್ತದೆ. ಹತ್ತು ಟ್ರ್ಯಾಕಿನ ಆರು ನಿಮಿಷದ ಭಾವಗೀತೆ ಅರ್ಧ ಜಿಬಿ ದಾಟುತ್ತದೆ, ಮೂರ್ನಾಲ್ಕು ಟೇಕ್ ಇದ್ದರೆ ಎರಡು ಜಿಬಿ. ನಮ್ಮೂರ ಇಂಟರ್ನೆಟ್‌ನಲ್ಲಿ ಅದನ್ನು ಕ್ಲೌಡಿಗೆ ಹಾಕುವ ಮಾತೇ ಇಲ್ಲ. ಸಿಂಕ್‌ಥಿಂಗ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಮನೆಯೊಳಗಿನ ನೆಟ್‌ವರ್ಕ್‌ನಲ್ಲೇ ಮೂರೂ ಕಂಪ್ಯೂಟರಿನ ಫೋಲ್ಡರ್ ಒಂದೇ ಥರ ಇಡುತ್ತದೆ. ವೈಫೈ ಬದಲು ಕೇಬಲ್ ಹಾಕಿ, ತುಂಬ ವ್ಯತ್ಯಾಸ ಇದೆ.

ಇದರಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಮುಚ್ಚದೆ ಮ್ಯಾಕ್‌ನಲ್ಲೂ ತೆರೆದು ಎರಡೂ ಕಡೆ ಸೇವ್ ಮಾಡಿದೆ. ಒಂದೇ ಹಾಡಿಗೆ ಎರಡು ಪ್ರತಿ, ಒಂದರಲ್ಲಿ ತಬಲಾ ಸರಿಮಾಡಿದ್ದು, ಇನ್ನೊಂದರಲ್ಲಿ ಧ್ವನಿ ಸರಿಮಾಡಿದ್ದು. ಒಂದು ಇಡೀ ಭಾನುವಾರ ಕೂತು ಜೋಡಿಸಿದೆ. ಆಡಿಯೋ ಏನೂ ಹಾಳಾಗಲಿಲ್ಲ, ಯಾಕಂದರೆ ಎಡಿಟ್ ಮಾಡಿದರೆ ಮೂಲ ಆಡಿಯೋ ಫೈಲನ್ನು ರೀಪರ್ ಮುಟ್ಟುವುದಿಲ್ಲ. ಅಂದಿನಿಂದ ಒಂದರಲ್ಲಿ ಮುಚ್ಚಿ, ಸಿಂಕ್ ಮುಗಿದದ್ದನ್ನು ಕಣ್ಣಾರೆ ನೋಡಿಯೇ ಇನ್ನೊಂದರಲ್ಲಿ ತೆರೆಯುತ್ತೇನೆ. ಸಮಯದ ಮುದ್ರೆ ಹಾಕಿ ತಾನೇ ಬ್ಯಾಕಪ್ ಇಡುವ ಸೌಲಭ್ಯವನ್ನೂ ಆನ್ ಮಾಡಿದ್ದೇನೆ, ಐದು ನಿಮಿಷಕ್ಕೊಮ್ಮೆ.

ಪ್ಲಗಿನ್, ಅಂದರೆ ಧ್ವನಿ ತಿದ್ದಲಿಕ್ಕೆ ರೀಪರ್ ಒಳಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್‌ಗಳ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು ಬೇಕು. ಎಯು ಅನ್ನುವ ಮಾದರಿಯ ಪ್ಲಗಿನ್ ಮ್ಯಾಕ್‌ನಲ್ಲಿ ಮಾತ್ರ ಓಡುತ್ತವೆ, ಅವನ್ನು ನಾನು ಬಳಸುವುದೇ ಇಲ್ಲ. ರೀಪರ್ ಜೊತೆ ಬರುವ ರೀಇಕ್ಯು, ರೀಕಾಂಪ್, ರೀವರ್ಬ್, ರೀಡಿಲೇ ಮೂರೂ ಕಡೆ ಒಂದೇ ಥರ ತೆರೆಯುತ್ತವೆ. ನೋಡಲು ಚೆಂದವಿಲ್ಲ, ಆದರೆ ಕೆಲಸ ಗಟ್ಟಿ. ಎಲ್ಲಾದರೂ ಬೇರೆ ಪ್ಲಗಿನ್ ಹಾಕಿದರೆ ಆ ಟ್ರ್ಯಾಕನ್ನು ಫ್ರೀಜ್ ಮಾಡಿ ಕಳಿಸುತ್ತೇನೆ, ಆಗ ಅದು ಬರೀ ಆಡಿಯೋ ಆಗಿರುತ್ತದೆ. ಹೋದ ಕಡೆ ಪ್ಲಗಿನ್ ಇಲ್ಲದಿದ್ದರೂ ಅದರ ಸೆಟ್ಟಿಂಗ್ ಪ್ರಾಜೆಕ್ಟಿನಲ್ಲಿ ಉಳಿದೇ ಇರುತ್ತದೆ. ರೀಪರ್ ಜೊತೆಗೇ ಬರುವ ಇನ್ನೊಂದು ಪ್ಲಗಿನ್ ರೀಫರ್ (ReaFIR), ಅದರಲ್ಲಿ ಸದ್ದು ಕಳೆಯುವ ಸೌಲಭ್ಯ ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಒಳ್ಳೆಯದು. ಹಂಚಿನ ಮೇಲಿನ ಮಳೆಗೆ ಅದರಿಂದ ಆಗುವುದಿಲ್ಲ, ಮಳೆ ನಿಲ್ಲುವವರೆಗೆ ಕಾಯಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಬೆಂಬಲ ನಿಂತಿತು, ನನ್ನ ಡೆಸ್ಕ್‌ಟಾಪ್ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಮಾರುವ ಬದಲು ಲಿನಕ್ಸ್ ಹಾಕಿದೆ. ಒಂದು ಸಂಜೆಯ ಕೆಲಸ. ಅದೇ ಲೈಸೆನ್ಸ್, ಅದೇ ಪ್ರಾಜೆಕ್ಟ್‌ಗಳು. ಒಂದೇ ಎಚ್ಚರ, ಫೈಲ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಲಿನಕ್ಸ್‌ಗೆ ಬೇರೆ ಬೇರೆ. ಈಗ ಎಲ್ಲ ಹೆಸರೂ ಸಣ್ಣಕ್ಷರದಲ್ಲೇ ಇಡುತ್ತೇನೆ.

ತಾಳದ ವಿಷಯ ಹೇಳಲೇಬೇಕು. ಮಿಶ್ರಛಾಪುವಿಗೆ 7/8, ಖಂಡಛಾಪುವಿಗೆ 5/8 ಇಟ್ಟರೆ ಮೆಟ್ರೋನೋಮ್ ಸರಿಯಾಗಿ ಬಡಿಯುತ್ತದೆ, ಯಾವ ಪೆಟ್ಟು ಜೋರು ಅನ್ನುವುದನ್ನೂ ನಾವೇ ಹೇಳಬಹುದು. ಆದರೆ ಸಂಪ್ರದಾಯದ ಹಾಡಿಗೆ ಮೆಟ್ರೋನೋಮ್ ಹಾಕಬಾರದು. ಆ ಹಾಡುಗಳಿಗೆ ಅವುಗಳದ್ದೇ ನಡೆ ಇದೆ. ತಾಳಕ್ಕೆ ಹೊಂದಿಸುವ ಗೆರೆಗಳನ್ನು (ಗ್ರಿಡ್) ಆಫ್ ಮಾಡಿ ಹಾಗೇ ಬಿಡುತ್ತೇನೆ, ಹೆಡ್‌ಫೋನ್ ಕೂಡ ಹಾಕಿಸುವುದಿಲ್ಲ, ಹಾಕಿಸಿದರೆ ಅಮ್ಮನ ಸ್ವರ ಏರಿಬಿಡುತ್ತದೆ. ಭಾವಗೀತೆಯವರಿಗೆ ಮಾತ್ರ ಹೆಡ್‌ಫೋನ್‌ನಲ್ಲಿ ಶ್ರುತಿ. ಅವರಿಗೆ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಧ್ವನಿಯ ತುಣುಕು, ಸಣ್ಣದಾದಷ್ಟು ತಡ ಕಡಿಮೆ) 128 ಸ್ಯಾಂಪಲ್ ಇಡುತ್ತೇನೆ, 48 ಕಿಲೋಹರ್ಟ್ಸ್‌ನಲ್ಲಿ ಅದು 2.7 ಮಿಲಿಸೆಕೆಂಡ್. ಮಿಕ್ಸ್ ಮಾಡುವಾಗ 1024.

ಕೊರತೆಗಳೂ ಇವೆ. ಹೇಳಿಕೊಳ್ಳುವಂಥ ವಾದ್ಯಗಳ ಸಂಗ್ರಹ ಜೊತೆಗೆ ಬರುವುದಿಲ್ಲ. ಪಿಯಾನೋ, ತಂತಿವಾದ್ಯ, ಡ್ರಮ್ಸ್ ಬೇಕಾದವರು ಬೇರೆ ಕಡೆ ತರಬೇಕು. ಸೆಟ್ಟಿಂಗ್‌ಗಳು ತೀರಾ ಜಾಸ್ತಿ, ಹೊಸಬರಿಗೆ ಮೊದಲ ತಿಂಗಳು ಕಷ್ಟ. ಒಂದು ಕಂಪ್ಯೂಟರಿನಲ್ಲಿ ಎಲ್ಲ ಸರಿಮಾಡಿಕೊಂಡ ಮೇಲೆ ಎಕ್ಸ್‌ಪೋರ್ಟ್ ಕಾನ್ಫಿಗರೇಶನ್ ಮಾಡಿ ಉಳಿದವಕ್ಕೆ ಹಾಕಿ, ಶಾರ್ಟ್‌ಕಟ್‌ಗಳೆಲ್ಲ ಬರುತ್ತವೆ. ತಯಾರು ಮಾಡಿದ್ದು ಕಾಕೋಸ್ ಅನ್ನುವ ಸಣ್ಣ ಕಂಪನಿ, ವಿನ್ಯಾಂಪ್ ಅನ್ನುವ ಹಾಡು ಕೇಳುವ ಸಾಫ್ಟ್‌ವೇರ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರದ್ದು. ಹಳೇ ಕಂಪ್ಯೂಟರಿನಲ್ಲೂ ಹಗುರಾಗಿ ಓಡುವುದಕ್ಕೆ ಕಾರಣ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಏನನ್ನೂ ಮುಚ್ಚಿಟ್ಟಿರುವುದಿಲ್ಲ. ಸ್ವಂತ ಬಳಕೆಗೆ, ಅಥವಾ ವರ್ಷಕ್ಕೆ 20,000 ಡಾಲರ್ ಮೀರದ ವ್ಯವಹಾರಕ್ಕೆ ಲೈಸೆನ್ಸ್ 60 ಡಾಲರ್. ಅದಕ್ಕಿಂತ ದೊಡ್ಡವರಿಗೆ 225. ನಾನು ಕೊಂಡಾಗ ನಾಲ್ಕೂವರೆ ಸಾವಿರ ರೂಪಾಯಿ ಆಸುಪಾಸು ಆಗಿತ್ತು. ಆಗ 6ನೇ ಆವೃತ್ತಿ, ಅದೇ ಹಣಕ್ಕೆ 7 ಕೂಡ ಪೂರ್ತಿ ಸಿಕ್ಕಿತು. 8 ಬಂದಾಗ ಮತ್ತೆ ಕೊಡಬೇಕು, ಅದಕ್ಕೆ ದುಡ್ಡು ಈಗಲೇ ತೆಗೆದಿಟ್ಟಿದ್ದೇನೆ.